ಹಿತ್ತಿಲ ಗೋಡೆಯ ಕಂಡಿ

ಯಾವುದೋ ಕಾಲದಲ್ಲಿ, ಯಾವುದೋ ರಾಜ್ಯದಲ್ಲಿ, ಹಗಲು ಕಟ್ಟಿದರೆ ಇರುಳು ಕರಗುವ ಗೋಡೆಯೊಂದಿತ್ತಂತೆ. ಗೋಡೆಯಾಚೆ ಒಬ್ಬಳು ರಾಕ್ಷಸಿ. ಅವಳ ಜೀವ ಇದ್ದದ್ದು ಮಕ್ಕಳ ಕೂದಲಿನಲ್ಲಿ. ಗೋಡೆ ಗಟ್ಟಿ ನಿಂತ ದಿನ ಅವಳ ಕತೆ ಮುಗಿಯಿತು. ಅಜ್ಜಿ ಇದನ್ನು ಹೇಳುವಾಗ ಮೊಮ್ಮಗಳು ಹೊದಿಕೆಯೊಳಗೆ ತಲೆ ಎಳೆದುಕೊಳ್ಳುತ್ತಿದ್ದಳು.

ದೊಡ್ಡವಳಾದ ಮೇಲೆ ಅವಳು ಆ ಗೋಡೆಯನ್ನು ಕಣ್ಣಾರೆ ಕಂಡಳು. ಪರದೇಶದಲ್ಲಿ, ಒಂದು ಅನಾಥಾಲಯದ ಹಿತ್ತಿಲಿನಲ್ಲಿ.

"ಮತ್ತೆ ಕಿತ್ತಿದಾರೆ ನೋಡು ಕತೆಯಕ್ಕ," ಎಂದ ಗಡ್ಡ, ಬಾಯಿಂದ ಬ್ರಶ್ಶು ತೆಗೆಯದೆ. ಚರ್ಚಿನ ಯುವಕರ ತಂಡದಲ್ಲಿ ಅವನ ಹೆಸರು ಗಡ್ಡ, ಅವಳ ಹೆಸರು ಕತೆಯಕ್ಕ. ವಿಮಾನದಲ್ಲಿ ಇಡೀ ದಾರಿ ಅಜ್ಜಿಯ ಕತೆ ಹೇಳಿ ಯಾರನ್ನೂ ಮಲಗಗೊಡದ ತಪ್ಪಿಗೆ ಬಂದ ಬಿರುದು.

ಸಂಜೆ ಇವರು ಮುಚ್ಚಿದ್ದ ಕಂಡಿ ಬೆಳಗಾಗುವಷ್ಟರಲ್ಲಿ ಬಾಯಿ ತೆರೆದಿತ್ತು. ಸೊಂಟದೆತ್ತರದ ಕಂಡಿ. ಒಂದು ಇಟ್ಟಿಗೆಯೂ ಒಡೆದಿರಲಿಲ್ಲ. ಎಲ್ಲವನ್ನೂ ಬಿಡಿಸಿ, ಒಳಬದಿಯಲ್ಲಿ ನೀಟಾಗಿ ಜೋಡಿಸಿಟ್ಟಿದ್ದರು. ಹಸಿ ಗಾರೆಗೆ ಉದ್ದನೆಯ ಕಪ್ಪು ಕೂದಲೆಳೆಗಳು ಅಂಟಿಕೊಂಡಿದ್ದವು.

"ಇಟ್ಟಿಗೆ ಒಳಗಿವೆ ಅಂದ್ರೆ, ಅವಳೂ ಒಳಗೆ ಬಂದಿದ್ಲು ಅಂತಾಯ್ತು," ಎಂದರು ತಂಡವನ್ನು ಕರೆತಂದಿದ್ದ ಪಾಸ್ಟರಮ್ಮ.

ಅವಳು ಎಂದರೆ ಯಾರೆಂದು ಯಾರೂ ಕೇಳಲಿಲ್ಲ. ಹಿಂದಿನ ಓಣಿಯಲ್ಲಿ, ಮುಖದ ತುಂಬ ಬಟ್ಟೆ ಎಳೆದುಕೊಂಡು ಸುಳಿದಾಡುವ ಹೆಂಗಸನ್ನು ಎಲ್ಲರೂ ನೋಡಿದ್ದರು.

"ಕೂದಲ ಕಳ್ಳಿ ಅವಳು," ಎಂದ ಅನಾಥಾಲಯದ ಮೇಲ್ವಿಚಾರಕ. ಇವರ ಊರಿನಲ್ಲಿ ಓದಿದ್ದವನಾದ್ದರಿಂದ ಇವರ ಮಾತು ಬಲ್ಲವನು. "ಇವತ್ತು ಕೂದಲು, ನಾಳೆ ಮಗು. ಗೇಟಲ್ಲಿ ನಾನು ಬಿಡೋದಿಲ್ಲ, ಅದಕ್ಕೇ ಹಿಂದಿನಿಂದ ಬರ್ತಾಳೆ. ನಿಮ್ಮಂಥವರು ಬಂದು ಗೋಡೆ ಕಟ್ಟಿ ಕೊಡ್ಲಿ ಅಂತಲೇ ನಾನು ಪ್ರಾರ್ಥನೆ ಮಾಡ್ತಿದ್ದದ್ದು."

ಕತೆಯಕ್ಕನಿಗೆ ಗುಬ್ಬಿಯ ನೆನಪಾಯಿತು.

ಗುಬ್ಬಿ ಎಂದು ಇವರೇ ಇಟ್ಟ ಹೆಸರು. ಬಂದ ದಿನ ಮೇಲ್ವಿಚಾರಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರಿಚಯ ಮಾಡಿಸಿದ್ದ. "ಯಾರೂ ಇಲ್ಲದವರಿಗೆ ಮಾತ್ರ ನಮ್ಮಲ್ಲಿ ಜಾಗ," ಎಂದಿದ್ದ. ಸಾಲಿನ ತುದಿಯಲ್ಲಿದ್ದವಳು ಗುಬ್ಬಿ. ಬಿಗಿಯಾದ ಎರಡು ಜಡೆ, ಕೆಂಪು ಟೇಪು, ಬೆರಳಿಂದ ಒತ್ತಿದಂತೆ ಗಲ್ಲದ ನಡುವೆ ಒಂದು ಕುಳಿ. ನೆಲ ನೋಡುತ್ತ ಏನೋ ಗೊಣಗಿದಳು. "ನನಗೂ ಯಾರೂ ಇಲ್ಲ ಅಂತಿದಾಳೆ," ಎಂದ ಅವನು. ಪಾಸ್ಟರಮ್ಮ ಕಣ್ಣೊರೆಸಿಕೊಂಡರು. ಮೊಬೈಲುಗಳು ಮೇಲೆದ್ದವು.

ಕತೆಯಕ್ಕ ಮಂಡಿಯೂರಿ ಕುಳಿತಿದ್ದಳು. "ಆ ಗೋಡೆ ಮುಗಿಸದೆ ನಾನು ಇಲ್ಲಿಂದ ಹೋಗಲ್ಲ. ದೇವರಾಣೆ, ಪುಟ್ಟಿ."

ಮೇಲ್ವಿಚಾರಕ ಅದನ್ನು ಮಗುವಿಗೆ ತಿಳಿಸಿದ. ಗುಬ್ಬಿ ಗೋಡೆಯತ್ತ ನೋಡಿದಳು. ಆಮೇಲೆ ಅಳತೊಡಗಿದಳು.

"ಖುಷಿಗೆ," ಎಂದ ಅವನು.

ಈಗ ಉಳಿದಿದ್ದದ್ದು ಅದೊಂದು ಹಗಲು. ಮರುದಿನ ಬೆಳಿಗ್ಗೆ ಬಸ್ಸು. ಕಂಡಿ ಮುಚ್ಚಿದರು. ಗಾರೆಗೆ ಸಿಮೆಂಟು ಜಾಸ್ತಿ ಹಾಕಿದರು. ಗಡ್ಡನ ಅಂಗೈ ಬಿರಿದು ರಕ್ತ ಬಂತು. "ರಾಕ್ಷಸಿಗೆ ಇದೂ ಸೇರಲಿ," ಎಂದು ಅವನು ನಕ್ಕ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕತೆಯಕ್ಕ ಗಾರೆಕರಣೆ ಹಿಡಿದು ಹಿತ್ತಿಲಿಗೆ ಹೋದಳು.

ಕಂಡಿ ತೆರೆದಿತ್ತು. ಗುಬ್ಬಿ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಕಣ್ಣು ಅರೆಮುಚ್ಚಿತ್ತು, ಕತ್ತು ಮಂಪರು ಬಂದವರ ಹಾಗೆ ವಾಲಿತ್ತು. ಕಂಡಿಯಿಂದ ಒಳಬಂದ ಎರಡು ಕೈಗಳು ಅವಳ ಬಿಚ್ಚಿದ ಕೂದಲಿನೊಳಗೆ ಹರಿದಾಡುತ್ತಿದ್ದವು. ಒಂದು ಕೈಯಲ್ಲಿ ಏನೋ ಹಲ್ಲು ಹಲ್ಲಾಗಿ ಮಿಂಚಿತು.

ಕತೆಯಕ್ಕ ಕರಣೆಯನ್ನು ಬೀಸಿ ಹೊಡೆದಳು.

ಆಚೆಯಿಂದ ಕೂಗೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಬರೀ ಉಸಿರೆಳೆದುಕೊಂಡ ಸದ್ದು. ಕೈಗಳು ಸರಿದು ಹೋದವು, ಇಟ್ಟಿಗೆಯ ಮೇಲೆ ರಕ್ತ ಉಳಿಯಿತು. ಕಿರುಚಿದ್ದು ಗುಬ್ಬಿ. ಕಿರುಚಿ, ಕತೆಯಕ್ಕನ ಮಣಿಕಟ್ಟನ್ನು ಕಚ್ಚಿ ಹಿಡಿದಳು. ಗಡ್ಡ ಓಡಿಬಂದು ಬಿಡಿಸಬೇಕಾಯಿತು.

"ಮಂಕು ಹಿಡಿಸಿದಾಳೆ ಮಗೂಗೆ," ಎಂದರು ಪಾಸ್ಟರಮ್ಮ.

ಮೇಲ್ವಿಚಾರಕ ಮಗುವನ್ನು ಎತ್ತಿಕೊಂಡು ಒಳಗೆ ಹೋದ. "ಇನ್ನು ತಡಮಾಡಬೇಡಿ," ಎಂದಷ್ಟೇ ಹೇಳಿದ.

ಈ ಸಲ ಎರಡು ಸಾಲು ಇಟ್ಟಿಗೆ ಇಟ್ಟರು. ನಡುವೆ ಕಂಬಿ ಹಾಯಿಸಿ, ಬೇಗ ಗಟ್ಟಿಯಾಗುವ ಗಾರೆ ತುಂಬಿದರು. ಕೊನೆಯ ಇಟ್ಟಿಗೆ ಇಟ್ಟವಳು ಕತೆಯಕ್ಕ. ಬಸ್ಸು ಬರುವಷ್ಟರಲ್ಲಿ ಅದು ಯಾರ ಕೈಗೂ ಬಗ್ಗದಷ್ಟು ಗಟ್ಟಿಯಾಗಿತ್ತು. ಎಲ್ಲರೂ ಗೋಡೆಗೆ ಅಂಗೈ ಊರಿ ಪ್ರಾರ್ಥಿಸಿದರು. ಕೊಟ್ಟ ಮಾತು ಉಳಿಯಿತು. ಅಜ್ಜಿ ಇದ್ದಿದ್ದರೆ ದೃಷ್ಟಿ ತೆಗೆಯುತ್ತಿದ್ದಳು ಅನ್ನಿಸಿ ಅವಳ ಕಣ್ಣು ತುಂಬಿತು.

ಬಸ್ಸು ಹಿಂದಿನ ಓಣಿಗೆ ತಿರುಗಿತು. ಕಿಟಕಿಯ ಸೀಟು ಗೋಡೆಗಿಂತ ಎತ್ತರವಾಗಿತ್ತು. ಅಲ್ಲಿಂದ ಎರಡೂ ಬದಿ ಕಾಣುತ್ತಿತ್ತು.

ಒಳಬದಿಯಲ್ಲಿ, ಕಂಡಿಯಿದ್ದ ಜಾಗಕ್ಕೆ ಬೆನ್ನು ಕೊಟ್ಟು, ಕೆದರಿದ ತಲೆಯಲ್ಲಿ ಗುಬ್ಬಿ ಕಣ್ಣು ಮುಚ್ಚಿ ಕುಳಿತಿದ್ದಳು. ಹೊರಬದಿಯಲ್ಲಿ, ಅದೇ ಜಾಗಕ್ಕೆ ಮುಖ ಮಾಡಿ ಆ ಹೆಂಗಸು ಕುಕ್ಕರಗಾಲಲ್ಲಿ ಕುಳಿತಿದ್ದಳು. ಮುಖದ ಬಟ್ಟೆಯನ್ನು ಕೈಯ ಗಾಯಕ್ಕೆ ಸುತ್ತಿಕೊಂಡಿದ್ದಳು. ಅವಳ ಗಲ್ಲದ ನಡುವೆಯೂ ಬೆರಳಿಂದ ಒತ್ತಿದಂತೆ ಒಂದು ಕುಳಿ.

ಇನ್ನೊಂದು ಕೈಯಲ್ಲಿ ಬಾಚಣಿಗೆ ಇತ್ತು. ಜಡೆ ಹೆಣೆದು ಮುಗಿಯುವವರೆಗೆ ಎಂಬಂತೆ, ಎರಡು ಕೆಂಪು ಟೇಪುಗಳನ್ನು ಅವಳು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು.