ಪದ್ದಕ್ಕನ ಕುರ್ಚಿ

ಮಗ ರತೀಶ ಸ್ಕೂಟರಿನಲ್ಲಿ ತಂದಿಟ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪದ್ದಕ್ಕ ನಿಧಾನವಾಗಿ ಕುಳಿತಾಗ, ತ್ರಾಸಿಯ ಮೀನುಕಟ್ಟೆಯ ಹೆಂಗಸರೆಲ್ಲ ನಕ್ಕರು. ಸಾಲಿನಲ್ಲಿ ಎಲ್ಲರೂ ನೆಲದ ಮೇಲೆ, ಇವಳೊಬ್ಬಳು ಮೇಲೆ.

"ಹ್ವಾಯ್, ಪಂಚಾಯ್ತಿ ಅಧ್ಯಕ್ಷ್ರ್ ಬಂದ್ರ್, ಜಾಗ ಬಿಡಿ!" ಎಂದಳು ಪಕ್ಕದ ಬುಟ್ಟಿಯ ಜಲಜ. ಪದ್ದಕ್ಕನೂ ನಕ್ಕಳು. ಆದರೆ ಜಲಜಳ ಮುಖ ನೋಡಿದ್ದೇ ಅವಳ ಹೊಟ್ಟೆಯೊಳಗೆ ಮತ್ತೆ ಉರಿ ಎದ್ದಿತು.

ಮಳೆಗಾಲದಲ್ಲಿ ಬೋಟು ನಿಂತ ಮೇಲೆ ಸೊಂಟದ ಆಪರೇಷನ್ ಮಾಡಿಸಿಕೊಂಡರಾಯಿತು ಎಂದು ಪದ್ದಕ್ಕ ವರ್ಷಗಟ್ಟಲೆ ಮುಂದೂಡಿದ್ದಳು. ಕೊನೆಗೆ ಬುಟ್ಟಿ ಎತ್ತುವುದಿರಲಿ, ಬಸ್ಸಿನ ಮೆಟ್ಟಿಲು ಹತ್ತಲೂ ಆಗದೆ, ಒಳ್ಳೆ ಮೀನು ಬೀಳುವ ಕಾಲದಲ್ಲೇ ಕೀಲು ಬದಲಾಯಿಸಿಕೊಳ್ಳಬೇಕಾಯಿತು. ಅಷ್ಟೂ ದಿನ ಅವಳ ಗಿರಾಕಿಗಳನ್ನು ಜಲಜಳೇ ನೋಡಿಕೊಂಡಳು. ನೋಡಿಕೊಂಡು ಸುಮ್ಮನಿರುವ ಹೆಂಗಸೇ ಅದು? ವಾರಕ್ಕೊಮ್ಮೆ ಮನೆಗೆ ಬಂದು, ಚಾ ಕುಡಿಯುತ್ತ, "ನಿನ್ ಪೋಸ್ಟಾಫೀಸಿನ ಶ್ರೀಲತಮ್ಮ ಈಗ ನನ್ನತ್ರವೇ ತಕಂಬುದ್. ನಾನ್ ಕೊಯ್ದ್ ಕೊಟ್ರೆ ಅವ್ರಿಗ್ ಭಾರೀ ಖುಷಿ" ಎಂದು ಹೇಳಿ ಹೋಗುತ್ತಿದ್ದಳು. ಕಾಲುಗಳ ನಡುವೆ ದಿಂಬು ಇಟ್ಟುಕೊಂಡು, ಮಗ್ಗುಲು ಬದಲಿಸಲಾಗದೆ ಮಲಗಿದ ಪದ್ದಕ್ಕನಿಗೆ ಹೊಲಿಗೆಗಿಂತ ಆ ಮಾತೇ ಹೆಚ್ಚು ಎಳೆಯುತ್ತಿತ್ತು. ಬೆಳಗೆದ್ದರೆ ವಾಕರ್ ಹಿಡಿದು ಜಗಲಿಯ ಉದ್ದಕ್ಕೂ ನಡೆದದ್ದೇ ನಡೆದದ್ದು. ಇಷ್ಟು ಬೇಗ ವಾಕರ್ ಬಿಟ್ಟು ಕೋಲಿಗೆ ಬಂದಿರಲ್ಲಾ ಎಂದು ಬ್ರಹ್ಮಾವರದ ಡಾಕ್ಟರು ಹೊಗಳಿದರು. ಅವಳನ್ನು ನಡೆಸಿದ್ದು ಯಾವ ಮದ್ದು ಎಂದು ಅವರಿಗೇನು ಗೊತ್ತು!

ಹತ್ತು ಗಂಟೆಯ ಹೊತ್ತಿಗೆ ಶ್ರೀಲತಮ್ಮನೇ ಬಂದರು. "ಅಯ್ಯೋ ಪದ್ದಕ್ಕ, ಬಂದ್ರ್ಯಾ! ಈಗ ಹ್ಯಾಂಗಿತ್ತ್?" ಎನ್ನುತ್ತ ಇವಳ ಬುಟ್ಟಿಯಿಂದಲೇ ಬಂಗುಡೆ ಆರಿಸಿದರು. ಪದ್ದಕ್ಕ ಓರೆಗಣ್ಣಿನಲ್ಲಿ ಜಲಜಳನ್ನು ನೋಡಿದಳು. ಇಡೀ ಕಟ್ಟೆಯೇ ತನ್ನದಾದಂತೆ ಅನಿಸಿತು.

"ಕೊಯ್ದ್ ಕೊಡಿ" ಎಂದರು ಶ್ರೀಲತಮ್ಮ.

ಪದ್ದಕ್ಕನ ಕೈ ಅಲ್ಲೇ ನಿಂತಿತು. ಮೆಟ್ಟುಕತ್ತಿಗೆ ಕುಕ್ಕುರುಗಾಲಲ್ಲಿ ಕೂತು, ಕಾಲಿನಲ್ಲಿ ಮೆಟ್ಟಿಯೇ ಮೀನು ಕೊಯ್ಯಬೇಕು. ನೆಲಕ್ಕೆ ಕೂರಬೇಡಿ, ತೀರಾ ಬಗ್ಗಬೇಡಿ, ಹೊಸ ಕೀಲು ಜಾರಿಬಿಡುತ್ತದೆ ಎಂದು ಡಾಕ್ಟರು ಮಗನನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದರು. ಅವಳು ಏನಾದರೂ ಹೇಳುವ ಮೊದಲೇ ಜಲಜ ಕೈ ಚಾಚಿದಳು. "ಕೊಡಿ ಅಮ್ಮ, ನಾ ಕೊಯ್ತೆ. ಅವ್ಳೀಗ ಕುರ್ಚಿಯವ್ಳ್."

ಪದ್ದಕ್ಕನ ಬಂಗುಡೆ ಜಲಜಳ ಕತ್ತಿಗೆ ಹೋಯಿತು. ಕೊಯ್ಯುವುದನ್ನು ಕಾಯುತ್ತ ನಿಂತ ಶ್ರೀಲತಮ್ಮನ ಕಣ್ಣು ಜಲಜಳ ಬುಟ್ಟಿಯ ಕಾಣೆ ಮೀನಿನ ಮೇಲೆ ಬಿತ್ತು, ಅದನ್ನೂ ಕಟ್ಟಿಸಿಕೊಂಡರು. ಆಮೇಲೆ ಬಂದ ಇಬ್ಬರಂತೂ ನೇರ ಕತ್ತಿ ಇದ್ದಲ್ಲಿಗೇ ಹೋದರು. ಜಲಜಳ ಬೆರಳು ಓಡುವ ಚಂದವೇ, ರೆಕ್ಕೆ ಸವರುವ ಗತ್ತೇ! ನೆಲದ ಮೇಲೆ ಹಾಗೆ ಕುಕ್ಕರಿಸಿದ ಆ ಸೊಂಟವನ್ನು ಪದ್ದಕ್ಕ ಮನಸ್ಸಿನಲ್ಲೇ ಶಪಿಸಿದಳು.

ಗಿರಾಕಿ ಕರಗಿದ ಮೇಲೆ ನೀರು ತರಲೆಂದು ಜಲಜ ಏಳಹೋದಳು. ಏಳಲಾಗಲಿಲ್ಲ. ಕಂಬ ಹಿಡಿದು, ತೊಡೆಸಂದಿಗೆ ಕೈ ಒತ್ತಿ, ಹಲ್ಲು ಕಚ್ಚಿ ಅರ್ಧಕ್ಕೇ ನಿಂತಳು. ಆ ಭಂಗಿ ಪದ್ದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಖುಷಿಯಾಯಿತು. ಆಗಬಾರದಿತ್ತು, ಆದರೂ ಆಯಿತು.

"ಯಾವಾಗಿಂದ?"

"ಎಂತದ್?"

"ನನ್ಹತ್ರ ಸುಳ್ ಹೇಳ್ಬೇಡ ಹೆಣ್ಣೇ. ನಾನೂ ಅದೇ ಕಂಬ ಹಿಡ್ಕಂಡ್ ಎದ್ದವ್ಳ್."

ಜಲಜ ಮೆಲ್ಲಗೆ ಮತ್ತೆ ಕೂತಳು. ದನಿ ಇಳಿಸಿದಳು. "ಡಾಕ್ಟ್ರ್ ಕೀಲ್ ಬದ್ಲ್ ಮಾಡ್ಕ್ ಅಂದ್ರ್. ಹೆದ್ರಿಕೆ ಆತ್ತ್ ಮಾರಾಯ್ತಿ. ಸಮಾ ನೋವಾತ್ತಾ?"

"ಶುರುವಿಗ್ ಆತ್ತ್. ಮಾರ್ನೇ ದಿನವೇ ಎಬ್ಸಿ ನಿಲ್ಸ್ತ್ರ್, ಆಗ ಅಮ್ಮಾ ಅಂದ್ ಕೂಗ್ದೆ. ಮನೇಲ್ ಎತ್ತರದ್ ಕಮೋಡ್ ಹಾಕ್ಸ್ಕ್. ಆದ್ರೆ ಆ ಹಳೇ ನೋವ್ ಹೋಯ್ತ್, ಪೂರಾ ಹೋಯ್ತ್. ಈಗ ಕಣ್ ಮುಚ್ಚಿದ್ರೆ ಬೆಳಗಾತ್ತ್. ತಡ ಮಾಡ್ಬೇಡ, ನಾಳೆಯೇ ಹೋಗ್. ನಿನ್ ಗಿರಾಕಿಗಳ್ನ ನಾ ಕಾಂತೆ."

ಒಂದು ಮಾತೂ ಸುಳ್ಳಾಗಿರಲಿಲ್ಲ. ಆದರೂ ಗಿರಾಕಿಗಳನ್ನು ನೋಡಿಕೊಳ್ಳುವೆನೆಂಬ ಕೊನೆಯ ಮಾತು ಹೇಳುವಾಗ ಪದ್ದಕ್ಕನ ಮುಖ ಅರಳಿಬಿಟ್ಟಿತು. ಜಲಜ ಅದನ್ನು ನೋಡದೆ ಬಿಡುವವಳಲ್ಲ.

"ಕಾಂತ್ಯಾ? ಕಾಣ್, ಕಾಣ್. ನಾನೂ ತಿರ್ಗಿ ಬಂದ್ ಕುರ್ಚಿ ಮೇಲೆ ಕೂಕಂಡ್ರೆ, ಆಮೇಲ್ ನಮ್ಮಿಬ್ರ್ ಮೀನ್ ಕೊಯ್ಯೂದ್ ಯಾರ್?"

ಪದ್ದಕ್ಕ ಇದನ್ನು ಯೋಚಿಸಿರಲಿಲ್ಲ. ಜಲಜಳೂ ಈಗಷ್ಟೇ ಯೋಚಿಸಿದ್ದಿರಬೇಕು.

"ನಾನಿದ್ದೆ ಅಲ್ದಾ ಅಕ್ಕ!" ಎಂದಿತು ಆಚೆ ಬದಿಯಿಂದ ಒಂದು ಎಳೆ ದನಿ. ರಮ್ಯಶ್ರೀ. ಅತ್ತೆಗೆ ವಯಸ್ಸಾಯಿತೆಂದು ಈ ವರ್ಷವಷ್ಟೇ ಕಟ್ಟೆಗೆ ಬಂದು ಕೂತ ಹುಡುಗಿ. "ನೀವಿಬ್ರೂ ಆರಾಮ್ ಮಾಡ್ಕಣಿ. ಕೊಯ್ಯೂದ್ ಪೂರಾ ನಾ ಕಾಂತೆ."

ಹೇಳಿದವಳೇ ಮೀನು ತೊಳೆದ ನೀರಿನ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಕುಕ್ಕುರುಗಾಲಿನಿಂದ ಸಟ್ಟನೆ ಎದ್ದು, ಒಂದು ಹನಿಯೂ ಚೆಲ್ಲದೆ ನಡೆದುಹೋದಳು. ಪದ್ದಕ್ಕ ಕುರ್ಚಿಯ ಮೇಲಿಂದ, ಜಲಜ ನೆಲದಿಂದ, ಅವಳ ಸೊಂಟವನ್ನೇ ನೋಡುತ್ತ ಕುಳಿತರು.