ಕಾರಣದ ಕಾಲಂ

ಟೈಮ್ ಕೀಪರು ಬಿಸ್ಕತ್ತು ಬಾಯಿಗಿಟ್ಟದ್ದಕ್ಕೂ ಹೆಂಡತಿಯ ಮುಖ ಡಿಪೋದ ಕಿಟಕಿಯಲ್ಲಿ ಕಂಡದ್ದಕ್ಕೂ ಸರಿಹೋಯಿತು. ಇನ್ನು ನುಂಗುವಂತಿಲ್ಲ, ಉಗುಳುವಂತಿಲ್ಲ. ಸಹಿ ಹಾಕಲು ಬಂದಿದ್ದ ಕಡ್ಡಿಯಂತಿದ್ದ ಕಂಡಕ್ಟರ್ ಪೊಟ್ಟಣ ಹಿಡಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

"ಒಂದೇ ಒಂದು ಅಕ್ಕಾ. ಅದೂ ನಾನೇ ಬಲವಂತ ಮಾಡ್ದೆ."

"ನಿನ್ನ ಬಸ್ಸು ಹೊರಡೋ ಹೊತ್ತಾಯ್ತೋ ಇಲ್ವೋ?"

ಕಂಡಕ್ಟರ್ ಪೊಟ್ಟಣವನ್ನು ಮೇಜಿನ ಮೇಲೆ ಬಿಟ್ಟು ಓಡಿದ. ಅವಳು ಬಾಗಿಲ ಕಡೆಯಿಂದ ಸುತ್ತಿಕೊಂಡು ಒಳಗೆ ಬಂದಳು. ತನ್ನ ಟೈಲರಿಂಗ್ ಅಂಗಡಿಯಲ್ಲಿ ಅರ್ಧ ಹೊಲಿದ ರವಿಕೆಯನ್ನು ಮಷೀನಿನಲ್ಲೇ ಬಿಟ್ಟು ಬಂದಿದ್ದಳು. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋಗಿದ್ದರು. ತೂಕ ಇಳಿಸಲು ಅವನಿಗೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಗಿ ವರ್ಷ ದಾಟಿತ್ತು. ದಿನಕ್ಕೆ ನಾಲ್ಕೇ ಸಲ, ಹೇಳಿದ ಹೊತ್ತಿಗೆ, ಹೇಳಿದಷ್ಟೇ ಊಟ. ನಡುವೆ ಬಾಯಿಗೆ ಬೀಗ. ಒಂದು ಹೊತ್ತೂ ತಪ್ಪದಂತೆ ಅವಳು ಬರೆದಿಟ್ಟ ಊಟದ ಪುಸ್ತಕವನ್ನು ಡಾಕ್ಟರು ತಿರುವಿ ಹಾಕಿದರು. ಆಮೇಲೆ ಅವನನ್ನು ತೂಕಕ್ಕೆ ನಿಲ್ಲಿಸಿದರು. ಮೂರು ತಿಂಗಳಲ್ಲಿ ನಾಲ್ಕು ಕೆಜಿ ಏರಿತ್ತು. "ಈ ಪುಸ್ತಕ ನಿಜವಾದ್ರೆ ನಮ್ಮ ತೂಕದ ಮಷೀನು ಸುಳ್ಳು ಹೇಳ್ತಿರಬೇಕು" ಎಂದು ಅವಳನ್ನೇ ನೋಡಿದರು. "ಹೀಗೇ ಏರಿದರೆ ಹಳೇ ಕಾಯಿಲೆಗಳೆಲ್ಲ ದಾರಿ ಹುಡುಕಿಕೊಂಡು ವಾಪಸ್ ಬರ್ತವೆ. ಪದೇ ಪದೇ ಕತ್ತರಿಸೋಕೆ ಹೊಟ್ಟೆಯೇನು ಬಟ್ಟೆಯಾ?" ಇದನ್ನು ಒಬ್ಬ ಟೈಲರಿಗೆ ಹೇಳಿದರು. ಅವಳಿಗೆ ಭೂಮಿಗೆ ಇಳಿದುಹೋದಂತಾಯಿತು.

"ಆಪರೇಷನ್ನಿಗೆ ಮುಂಚೆ ನಿದ್ದೆಯಲ್ಲಿ ನಿಮ್ಮ ಉಸಿರು ನಿಂತಾಗೆಲ್ಲ ಅಲ್ಲಾಡಿಸಿ ಎಬ್ಬಿಸಿದವಳು ನಾನು" ಎಂದಳು ಈಗ. "ಮತ್ತೆ ಆ ದಿನಗಳು ಬೇಕಾ ನಿಮಗೆ? ಎಷ್ಟು ದಿನದಿಂದ ನಡೀತಿದೆ ಇದು? ನಿಜ ಹೇಳ್ರೀ."

ಅವನು ಡ್ರಾಯರು ಎಳೆದು ಬಸ್ಸುಗಳ ವೇಳೆ ಬರೆಯುವ ಹಳೆಯದೊಂದು ರಿಜಿಸ್ಟರ್ ತೆಗೆದು ಅವಳ ಮುಂದಿಟ್ಟ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹತ್ತು ಹದಿಮೂರಕ್ಕೆ ಬಂದ ಬಸ್ಸನ್ನು ಹತ್ತು ಗಂಟೆಗೆ ಬಂತೆಂದು ಬರೆದವನಲ್ಲ. ಡ್ರೈವರುಗಳು ಕೈಮುಗಿದರೂ ಬರೆದವನಲ್ಲ. ಹೆಂಡತಿಯ ಮುಂದೆ ಹೂಂಗುಟ್ಟಿ ಪಾರಾಗುತ್ತಿದ್ದ, ರಿಜಿಸ್ಟರಿನ ಮುಂದೆ ಮಾತ್ರ ಅದು ಸಾಧ್ಯವಿರಲಿಲ್ಲ. ಖಾಲಿ ಉಳಿದಿದ್ದ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ವೇಳೆ, ವಿವರ ಎಂದು ಬರೆದಿದ್ದ. ಕೊನೆಯ ಕಾಲಮ್ಮಿನಲ್ಲಿ 'ತಡಕ್ಕೆ ಕಾರಣ' ಎಂದು ಮೊದಲೇ ಅಚ್ಚಾಗಿತ್ತು. 'ತಡಕ್ಕೆ' ಎಂಬುದನ್ನಷ್ಟೇ ಹೊಡೆದು ಹಾಕಿದ್ದ.

"ತಿಂದದ್ದನ್ನೂ ಬರೆದಿಟ್ಟಿದೀರಾ!"

"ಡಿಪೋದಲ್ಲಿ ನಡೆದದ್ದು ಬರೀಬೇಕಲ್ಲ."

"ಹಾಗಾದ್ರೆ ಮನೆ ಪುಸ್ತಕ?"

"ಅದು ನಿನ್ನ ಕೈಬರಹ ಕಣೇ. ನೀನು ಕೇಳಿದ್ದಕ್ಕೆ ನಾನು ಹೂಂ ಅಂದೆ, ಅಷ್ಟೆ."

ಇಂಥವನನ್ನು ಏನು ಮಾಡುವುದು! ಅವಳು ಹಲ್ಲು ಕಚ್ಚಿಕೊಂಡು ಓದಿದಳು. ಒಂಬತ್ತು ಹದಿನೆಂಟು, ಬ್ರೆಡ್ಡು ಅರ್ಧ ಚೂರು, ಡ್ರೈವರ್ ಮಗಳು ಪರೀಕ್ಷೆ ಪಾಸು. ಹನ್ನೊಂದು ಐದು, ಕಡಲೆಕಾಯಿ ಏಳು, ಮ್ಯಾನೇಜರ್ ಬೈದರು. ಒಂದೂವರೆ, ಬಾಳೆಹಣ್ಣು ಕಾಲು ಭಾಗ, ಸುಮ್ಮನೆ. ಅದರ ಕೆಳಗೂ ಸುಮ್ಮನೆ. ಹಾಳೆ ಮೇಲೆ ಹಾಳೆ ಮಗುಚಿದಳು. ಹಸಿವು ಎಂದು ಒಂದು ಕಡೆಯೂ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸಲ ಇದ್ದದ್ದು ಬೇರೆಯೇ: ಮನೆಯಿಂದ ಫೋನ್. ಕಳೆದ ಒಂದು ವಾರದಲ್ಲೇ ಹತ್ತೊಂಬತ್ತು ಸಲ.

"ಏನ್ರೀ ಇದು?"

"'ಏನೂ ತಿಂದಿಲ್ಲ ತಾನೆ' ಅಂತ ಫೋನ್ ಮಾಡ್ತೀಯಲ್ಲ, ಅದು. ನೀನು ಕೇಳೋವರೆಗೂ ನನಗೆ ತಿನ್ನೋದರ ನೆನಪೇ ಇರಲ್ಲ. ನೀನು ಫೋನ್ ಇಟ್ಟ ಮೇಲೆ ಅದೊಂದೇ ನೆನಪು."

"ಕದ್ದು ತಿನ್ನೋರು ನೀವು, ಗೂಬೆ ಕೂರಿಸೋದು ನನ್ನ ಮೇಲೆ! ತಪ್ಪೆಲ್ಲ ನಂದೇ ಅನ್ನಿ!"

"ತಪ್ಪು ಅಂತ ನಾನೆಲ್ಲಿ ಬರೆದಿದೀನಿ? ಕಾರಣ ಅಂತ ಬರೆದಿದೀನಿ."

"ಸರಿ. ನಾಳೆಯಿಂದ ನಾನು ಫೋನೇ ಮಾಡಲ್ಲ. ಆಯ್ತಾ?"

ಅವನು ನಿಜವಾಗಿಯೂ ಯೋಚಿಸಿದ. "ಮಾಡದಿದ್ರೆ, ಯಾಕೆ ಮಾಡ್ಲಿಲ್ಲವೋ ಅಂತ ಚಿಂತೆ ಹತ್ತುತ್ತೆ" ಎಂದ. ಕಣ್ಣು ತಾನಾಗಿ ಪೊಟ್ಟಣದ ಕಡೆ ಹೊರಳಿತು.

ಅವಳು ತಟ್ಟನೆ ಪೊಟ್ಟಣವನ್ನು ತನ್ನತ್ತ ಎಳೆದುಕೊಂಡಳು. ಬೈಯಬೇಕೆಂದರೆ ಯಾವ ಬೈಗುಳವೂ ಸಾಲದು, ಅಳೋಣವೆಂದರೆ ಕಿಟಕಿಯ ಹೊರಗೆ ಇಬ್ಬರು ಡ್ರೈವರುಗಳು ನಿಂತಿದ್ದಾರೆ. ವರ್ಷವಿಡೀ ಕಾದದ್ದು, ತೂಗಿದ್ದು, ಅಳೆದದ್ದು ಎಲ್ಲ ನೀರಿನಲ್ಲಿ ಹೋಮವಾಯಿತೆನಿಸಿತು. ತಾನು ಊಟ ಮಾಡಿ ಇನ್ನೂ ಒಂದು ಗಂಟೆಯಾಗಿರಲಿಲ್ಲ, ಹೊಟ್ಟೆ ತುಂಬ ಉಂಡಿದ್ದಳು. ಹಾಗಿದ್ದೂ ಕೈ ಪೊಟ್ಟಣದೊಳಗೆ ಹೋಯಿತು. ಒಂದು ಬಿಸ್ಕತ್ತು ಕಟಕಟನೆ ಅಗಿದಳು. ಅದು ಗಂಟಲಿಳಿಯುವ ಮೊದಲೇ ಇನ್ನೊಂದನ್ನು ತುರುಕಿಕೊಂಡಳು.

ಟೈಮ್ ಕೀಪರು ಗೋಡೆ ಗಡಿಯಾರ ನೋಡಿದ. ರಿಜಿಸ್ಟರನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡು ವೇಳೆ ಬರೆದ. ಬಿಸ್ಕತ್ತು ಎರಡು ಎಂದು ಬರೆದ. ಪೆನ್ನನ್ನು ಕೊನೆಯ ಕಾಲಮ್ಮಿನ ಮೇಲಿಟ್ಟು ತಲೆಯೆತ್ತಿದ.

"ಕಾರಣ?"

ಅವಳ ಬಾಯಿ ತುಂಬಿತ್ತು.