ಪೂರ್ತಿ ಎತ್ತಿದ ಗೇಟು

"ಒಮ್ಮಿಗೇ ಊದ್ರಿ ಕಾಕಾ, ಜೋರಾಗಿ!" ನರ್ಸ್ ಮರಿಲಿಂಗಮ್ಮ ಮೂರನೇ ಸಲ ಹೇಳಿದಳು. ಬೀಡಿ ಸೇದುವವರ ಎದೆ ತಪಾಸಣೆಗೆಂದು ಭೀಮರಾಯನಗುಡಿ ಕ್ಯಾಂಪಿಗೆ ಬಂದಿದ್ದ ಅಮಾತೆಪ್ಪ ಉಸಿರು ಅಳೆಯುವ ಯಂತ್ರದ ಕೊಳವೆಯನ್ನು ಬಾಯಿಂದ ತೆಗೆದು ನಕ್ಕ. "ಇಪ್ಪತ್ತೆಂಟು ವರ್ಷದಿಂದ ಕೆನಾಲ್ ಗೇಟ್ ಎತ್ತಾಕತ್ತೀನವ್ವ. ಒಮ್ಮಿಗೇ ಎತ್ತಿದ್ರ ದಂಡಿ ಒಡಿತದ. ಅದಕ್ಕ ಉಸಿರೂ ಸಾವಕಾಶ ಬಿಟ್ಟೀನಿ."

ಅವಳೂ ನಕ್ಕಳು. "ಇಲ್ಲೇನೂ ಒಡಿಯಂಗಿಲ್ರಿ. ಪೂರ್ತಿ ಎತ್ತಿಬಿಡ್ರಿ."

ಅಮಾತೆಪ್ಪ ಎದೆತುಂಬ ಉಸಿರೆಳೆದು, ಕಣ್ಣು ಮುಚ್ಚಿ, ಒಳಗಿದ್ದದ್ದನ್ನೆಲ್ಲ ಒಂದೇ ಏಟಿಗೆ ಹೊರಗೆ ನೂಕಿದ. ಕುತ್ತಿಗೆಯ ನರಗಳು ಉಬ್ಬಿದವು. ಯಂತ್ರದ ಪರದೆಯ ಮೇಲಿನ ಗೆರೆ ಮಾತ್ರ ಮೊದಲಿನಷ್ಟೇ ಏರಿ ಬಾಗಿತು. ಗೇಟು ಪೂರ್ತಿ ಎತ್ತಿದ ಮೇಲೂ ನೀರು ಬರದಿದ್ದರೆ ಏನರ್ಥವೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಒಳಗ ಹೂಳು ತುಂಬ್ಯಾದೇನವ್ವ?"

"ಈಗ ಶುರು ಆಗ್ಯಾದ್ರಿ ಕಾಕಾ. ತುಂಬಿದ್ದು ತೆಗಿಯಾಕ ಬರಂಗಿಲ್ಲ. ಬೀಡಿ ಬಿಟ್ರ ಮುಂದ ತುಂಬೂದು ಕಡಿಮಿ ಆಗ್ತದ."

ಅವನ ಕೈ ರೂಢಿಯಂತೆ ಕಿವಿಗೆ ಸಿಕ್ಕಿಸಿದ್ದ ಬೀಡಿಯತ್ತ ಹೋಗಿ, ಅಲ್ಲೇ ನಿಂತಿತು.

"ಕೆನಾಲಿನ ಕಡೀ ಹೊಲಕ್ಕ ಇನ್ನಾ ನೀರು ಮುಟ್ಟತದಲ್ಲವ್ವ?" ಎಂದು ಎದೆ ಮುಟ್ಟಿಕೊಂಡು ಮೆಲ್ಲಗೆ ಕೇಳಿದ.